ರಾಣಿ ಹಿಡಿದ ಹಗ್ಗ

ಬೆಳಿಗ್ಗೆ ಹಾಲು ಬರುವುದಕ್ಕೂ ಮುಂಚೆ ನಮ್ಮ ಕಿಟಕಿಯ ಕೆಳಗೆ ಇತಿಹಾಸ ಬಂದು ನಿಲ್ಲುತ್ತದೆ. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಒಂದು ಗುಂಪು, ಅದರ ಮುಂದೆ ಬಣ್ಣದ ಕೊಡೆ ಎತ್ತಿ ಹಿಡಿದ ಗೈಡ್. ಅವನು ಕೊಡೆಯ ತುದಿಯನ್ನು ನಮ್ಮ ಮಹಡಿಯತ್ತ ತಿರುಗಿಸಿ, ಕಿಟಕಿಯಲ್ಲಿ ಕೂತ ನನ್ನ ಮಾವನನ್ನು ತೋರಿಸುತ್ತಾನೆ.

"ನೋಡಿ, ಆ ಅಜ್ಜಂಗೆ ಈ ಮನೆ ಮೇಲೆ ಎಷ್ಟು ಪ್ರೀತಿ ಅಂದ್ರೆ, ವರ್ಷಗಳಿಂದ ಹೊಸ್ತಿಲು ದಾಟಿಲ್ಲ!"

ಗುಂಪು 'ಅಯ್ಯೋ' ಎಂದು ಕರಗುತ್ತದೆ. ಮಾವ ಪಾಪ ಕೈ ಬೀಸುತ್ತಾರೆ. ಒಳಗೆ ಹೊಲಿಗೆ ಮಿಷನ್ ಮುಂದೆ ಕೂತ ನನಗೆ ಮೈಯೆಲ್ಲ ಉರಿಯುತ್ತದೆ.

ಪ್ರೀತಿಯಂತೆ! ನನ್ನ ಮಾವ ಅಂಚೆಯವರಾಗಿದ್ದವರು. ಈ ಹಳೆಪೇಟೆಯ ಯಾವ ಸಂದಿ ಎಲ್ಲಿಗೆ ಸೇರುತ್ತದೆ, ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದೆಲ್ಲ ಅವರ ಕಾಲಿಗೇ ಗೊತ್ತು. ಅಂಥವರನ್ನು ಮಹಡಿಯಲ್ಲಿ ಕೂರಿಸಿದ್ದು ನಮ್ಮ ಮೆಟ್ಟಿಲು. ಕೆಳಗಡೆ ಇನ್ಯಾರದೋ ಕಾಗದದ ಗೋದಾಮು, ನಮ್ಮದು ಮೇಲಿನ ಎರಡೇ ಕೋಣೆ. ನಡುವೆ ಏಣಿಯಷ್ಟು ಕಡಿದಾದ ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಒಮ್ಮೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ.

"ಹಿಡ್ಕೊಳ್ಳೋಕೆ ಏನಾದ್ರೂ ಇದ್ರೆ ಇಳೀತೀನಮ್ಮ," ಅನ್ನುತ್ತಿದ್ದರು. "ಬೀದಿ ಮೂಲೆ ತನಕ ಹೋಗಿ ಬಂದ್ರೂ ಸಾಕು."

ನನ್ನ ಗಂಡನಿಗೆ ಹೇಳಿದರೆ "ನೋಡೋಣ" ಅಂದರು. ಮದುವೆಯಾದಾಗಿನಿಂದ ಅವರು ನೋಡುತ್ತಲೇ ಇದ್ದಾರೆ. ಕೊನೆಗೆ ಮಿಷನ್ನಿಗೆ ಬಟ್ಟೆ ಹೊದಿಸಿ, ನಾನೇ ಹಳೆಪೇಟೆ ರಕ್ಷಣಾ ಸಮಿತಿಯ ಕಚೇರಿಗೆ ಹೋದೆ. ನಮ್ಮ ಬೀದಿಯಲ್ಲಿ ಮೊಳೆ ಹೊಡೆಯಬೇಕಾದರೂ ಅವರ ಅಪ್ಪಣೆ ಬೇಕು. ಹಳೆಪೇಟೆಯನ್ನು ಕಾಯುವ ಕಚೇರಿ ಇರುವುದು ಹೊಸ ಬಡಾವಣೆಯಲ್ಲಿ, ಲಿಫ್ಟ್ ಇರುವ ಕಟ್ಟಡದಲ್ಲಿ.

"ಕಬ್ಬಿಣದ ಕಂಬಿನಾ?" ಅಂದರು ಅಧ್ಯಕ್ಷರು. "ಮೂಲದಲ್ಲಿ ಅದಿರಲಿಲ್ವಲ್ಲಮ್ಮ. ಇದ್ದಿದ್ದನ್ನ ಉಳಿಸೋದಷ್ಟೇ ನಮ್ಮ ಕೆಲಸ. ಇಲ್ಲದ್ದನ್ನ ಸೇರಿಸೋ ಹಾಗಿಲ್ಲ."

"ಮೂಲದಲ್ಲಿ ನಮ್ಮ ಮಾವಂಗೆ ಸೊಂಟನೋವೂ ಇರಲಿಲ್ಲ ಸಾರ್," ಅಂದೆ.

ಅವರು ನಕ್ಕು, ಕುಡಿಯಲು ನೀರು ಕೊಡಿಸಿ ಕಳಿಸಿದರು.

ಮನೆಯ ಮೆಟ್ಟಿಲು ಹತ್ತುವಾಗ ಹೊಳೆಯಿತು. ಇದ್ದಿದ್ದನ್ನು ಉಳಿಸುತ್ತಾರಂತೆ. ಹಾಗಾದರೆ ಇತ್ತು ಅಂದರಾಯಿತಲ್ಲ!

ಮರುದಿನ ಗುಂಪು ಚದುರಿದ ಮೇಲೆ ಗೈಡ್ ಗೋದಾಮಿನ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದ. ನಾನು ಚೀಲ ಹಿಡಿದು ಇಳಿಯುತ್ತಾ, "ನಿಂಗೆ ಗೊತ್ತಿಲ್ವೇನಪ್ಪಾ? ಹಿಂದೆ ಈ ಮೆಟ್ಟಿಲಿಗೆ ದಪ್ಪ ಹಗ್ಗ ಕಟ್ಟಿದ್ರಂತೆ. ಯಾರೋ ದೊಡ್ಡ ಮನೆತನದ ಹೆಂಗಸು ಹಿಡ್ಕೊಂಡು ಹತ್ತುತಿದ್ಲಂತೆ," ಅಂದು ಮುಂದೆ ಹೋದೆ. ಬೀಜ ಹಾಕುವುದಷ್ಟೇ ನನ್ನ ಪಾಲು, ನೀರು ಗೊಬ್ಬರವೆಲ್ಲ ಅವನ ಕಸುಬು.

ಮರುದಿನವೇ ಆ ಹೆಂಗಸು ರಾಣಿಯಾದಳು. ಆಮೇಲೆ ಹಗ್ಗ ರೇಷ್ಮೆಯದಾಯಿತು. ವಾರ ಕಳೆಯುವುದರೊಳಗೆ ರಾಣಿಯ ಹಿಂದೆ ಶತ್ರುಗಳು ಬಿದ್ದರು, ಅವಳು ತುಂಬು ಬಸುರಿಯಾಗಿ ಅದೇ ಹಗ್ಗ ಹಿಡಿದು ನಮ್ಮ ಅಡುಗೆಮನೆ ಸೇರಿದಳು. ಕೇಳಿ ಕೇಳಿ ನನಗೇ ಅವಳ ಮೇಲೆ ಕನಿಕರ ಬಂತು. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಅನ್ನುತ್ತಾರೆ ಹಿರಿಯರು. ಅವರು ನಮ್ಮ ಗೈಡನನ್ನು ಕಂಡಿರಲಿಲ್ಲ.

ಸುದ್ದಿ ಲಿಫ್ಟ್ ಹತ್ತಿತು. ಅಧ್ಯಕ್ಷರು ಇಬ್ಬರು ತಜ್ಞರೊಂದಿಗೆ ಬಂದು ಮೆಟ್ಟಿಲ ಗೋಡೆಯನ್ನು ಟಾರ್ಚ್ ಬಿಟ್ಟು ಪರೀಕ್ಷಿಸಿದರು. ಒಂದು ತೂತು ಸಿಕ್ಕಿತು. ಬಟ್ಟೆ ಒಣಗಿಸುವ ತಂತಿಗೆಂದು ನಾನೇ, ಯಾರ ಅಪ್ಪಣೆಯೂ ಇಲ್ಲದೆ, ಹೊಡೆದಿದ್ದ ಮೊಳೆಯ ತೂತು ಅದು.

"ಸಾಕ್ಷಿ ಸಿಕ್ಕಿತು!" ಅಂದರು ಅಧ್ಯಕ್ಷರು.

ನನ್ನ ಗಂಡ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

ಹಗ್ಗ ಬಂತು. ಮುಂಗೈ ಗಾತ್ರದ ಕೆಂಪು ಹಗ್ಗ, ಗೋಡೆಯುದ್ದಕ್ಕೂ ಹಿತ್ತಾಳೆಯ ಬಳೆಗಳಲ್ಲಿ ತೂರಿಸಿ ಬಿಗಿದು ಕಟ್ಟಿದರು. ಭಾಷಣವೂ ಆಯಿತು. ಹೋಗುವಾಗ ಒಂದು ಫಲಕ ತೂಗುಹಾಕಿದರು: 'ಐತಿಹಾಸಿಕ ಹಗ್ಗ. ಯಾರೂ ಮುಟ್ಟಬಾರದು.'

ಎಲ್ಲರೂ ಹೋದ ಮೇಲೆ ಮಾವ ಕನ್ನಡಕ ಹಾಕಿಕೊಂಡು ಆ ಫಲಕವನ್ನು ಓದಿದರು.

"ನಮ್ಮ ವಿಳಾಸಕ್ಕೆ ಬಂದದ್ದಲ್ಲ ಬಿಡಮ್ಮ," ಅಂದು ಹಗ್ಗ ಹಿಡಿದರು.

ನಾನು ಒಂದು ಮೆಟ್ಟಿಲು ಕೆಳಗೆ, ಅವರತ್ತ ಮುಖ ಮಾಡಿ, ಹಿಂದಹಿಂದಕ್ಕೆ ಇಳಿದೆ. ಒಂದೊಂದು ಮೆಟ್ಟಿಲಿಗೂ ಅವರು ಮೊದಲು ಹಗ್ಗ ಜಗ್ಗಿ ನೋಡಿ, ಆಮೇಲೆ ಇಳಿದರು. ಕೊನೆಯ ಮೆಟ್ಟಿಲು ಇಳಿದು ಬೀದಿಯ ಕಲ್ಲಿನ ಮೇಲೆ ಕಾಲಿಟ್ಟವರು ನೇರ ಬೀದಿ ಮೂಲೆಯತ್ತ ಹೊರಟರು. ನಾನು ಮಾತ್ರ ಗೋದಾಮಿನವರು ನೋಡುತ್ತಿದ್ದಾರೆಂಬುದನ್ನೂ ಮರೆತು ಅತ್ತುಬಿಟ್ಟೆ.

ಅಂದಿನಿಂದ ಮಾವ ಬೆಳಗಾದರೆ ಬೀದಿಯಲ್ಲೇ. ಕಿಟಕಿ ಖಾಲಿಯಾಯಿತು. ಗೈಡ್‌ಗೆ ತೋರಿಸಲು ಅಜ್ಜನಿಲ್ಲ.

ಒಂದು ದಿನ ನಾವಿಬ್ಬರೂ ತಿರುಗಾಡಿ ಬರುವಾಗ ಗುಂಪು ನಮ್ಮ ಮನೆ ಮುಂದೆ ತಲೆ ತಗ್ಗಿಸಿ ನಿಂತಿತ್ತು. ಗೈಡ್ ಕೊಡೆ ಮಡಿಸಿ ಎದೆಗೆ ಒತ್ತಿಕೊಂಡಿದ್ದ.

"ಆ ಕಿಟಕಿಲಿ ಒಬ್ರು ಅಜ್ಜ ಇದ್ರು. ಮನೆ ಮೇಲಿನ ಪ್ರೀತಿಗೆ ಕೊನೇವರೆಗೂ ಹೊಸ್ತಿಲು ದಾಟಲಿಲ್ಲ. ಅಲ್ಲೇ ಪ್ರಾಣ ಬಿಟ್ರು."

ನಾನು ಚೀಲ ಬೀಸಿಕೊಂಡು ನುಗ್ಗುವವಳಿದ್ದೆ. ಮಾವ ನನ್ನ ಮೊಣಕೈ ಹಿಡಿದು ನಿಲ್ಲಿಸಿ, ಮೆಲ್ಲಗೆ ಹೋಗಿ ಗುಂಪಿನ ಹಿಂದೆ ನಿಂತು ಟೋಪಿ ತೆಗೆದರು. ಕಿಟಕಿಯ ಚೌಕಟ್ಟಿಲ್ಲದ ಮಾವನನ್ನು ಗೈಡ್ ಗುರುತಿಸಲೇ ಇಲ್ಲ. ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸೊಬ್ಬರು ಕೇಳಿದರು:

"ನಿಮಗೆ ಅವರ ಪರಿಚಯ ಇತ್ತಾ?"

"ಚೆನ್ನಾಗೇ ಇತ್ತಮ್ಮ," ಅಂದರು ಮಾವ. "ಪಾಪ, ಮನೆ ಮೇಲೆ ಪ್ರೀತಿ ಗೀತಿ ಏನಿರಲಿಲ್ಲ ಅವನಿಗೆ. ಕೆಳಗಿಳಿಯೋಕೆ ಹಿಡ್ಕೊಳ್ಳೋದಕ್ಕೆ ಏನಾದ್ರೂ ಕೊಡಿ ಅಂತಿದ್ದ. ರಾಣಿಗೂ ಬೇಕಾಗಿತ್ತು ಅಂತ ಗೊತ್ತಾದ ಮೇಲೆ ಕೊಟ್ರು."