ಬಸುರಿ ನಾಲಿಗೆಯ ಕಥೆ, ಸದ್ಯಕ್ಕೆ

೧

ಒಗೆದು ಒಣಗಿಸಿದ ದೊಡ್ಡ ಹೊದಿಕೆಯ ಎರಡು ತುದಿ ನನ್ನ ಕೈಯಲ್ಲಿವೆ. ಉಳಿದೆರಡು ನೆಲದ ಮೇಲೆ. ಗದ್ದಕ್ಕೆ ಸಿಕ್ಕಿಸಿಕೊಂಡು ನೋಡಿದೆ, ಹಲ್ಲಿನಲ್ಲಿ ಕಚ್ಚಿ ನೋಡಿದೆ. ಒಬ್ಬಳೇ ಮಡಿಸುವ ಕೆಲಸವಲ್ಲ ಇದು. ಕಥೆಯನ್ನು ಇಲ್ಲಿಂದ ಶುರು ಮಾಡಬಹುದೇ? ಯಾಕಾಗಬಾರದು? ಆಚೆ ತುದಿ ಹಿಡಿಯಲು ಒಬ್ಬಳು ಬೇಕು. ಬರೆದರಾಯಿತು.

ಬಂದಳು. ಏಳು ತಿಂಗಳ ಬಸುರಿ. (ಅದು ನಾನು ಬರೆದದ್ದಲ್ಲ. ಬರುವಾಗಲೇ ಹಾಗೆ ಬಂದಳು.) ಹೊದಿಕೆಯ ಅಂಚು ಹಿಡಿದು ನನ್ನತ್ತ ನಡೆದರೆ, ಬಟ್ಟೆಗೆ ಬಟ್ಟೆ ಸೇರುವ ಮೊದಲೇ ಅವಳ ಹೊಟ್ಟೆ ಬಂದು ನನಗೆ ತಾಗಿತು.

"ಅಜ್ಜೀ, ನಿಮ್ಮ ಕಥೇಲಿ ಜಾಗ ಸಾಲ್ತಾ ಇಲ್ಲ," ಎಂದಳು.

೨ (ಬಿಟ್ಟದ್ದು)

'ಅವಳು ಶಾಲೆಯೊಂದರಲ್ಲಿ ಟೀಚರ್. ತಾಯ್ತನವೆಂಬುದು...'

"ತಾಯ್ತನವೆಂಬುದು ಅಂತ ಶುರು ಮಾಡಿದ್ರೆ ನಾನು ಹೊರಟೆ."

"ಮತ್ತೆ ಯಾವ ಕೆಲಸ ಬೇಕು ಮಹಾರಾಣಿಗೆ?"

"ಕೂತು ಮಾಡೋದು. ಆದ್ರೆ ಸ್ವಲ್ಪ ಜಂಬ ಪಡೋ ಹಾಗಿರಬೇಕು."

೨ (ಉಳಿಸಿಕೊಂಡದ್ದು)

ಅವಳು ಚಹಾದ ರುಚಿ ನೋಡುವವಳು. ಉದ್ದನೆಯ ಮೇಜು, ಅದರ ಮೇಲೆ ಬಿಳಿ ಬಟ್ಟಲುಗಳ ಸಾಲು. ಚಮಚದಿಂದ ಸುರ್ರೆಂದು ಎಳೆದು, ಬಾಯೆಲ್ಲ ಆಡಿಸಿ, ಪಕ್ಕದ ಡಬ್ಬಿಗೆ ಉಗಿಯಬೇಕು. ನುಂಗಬಾರದು. ಮೇಜಿನ ತಲೆಗಿರುವ ಮೊದಲ ಕುರ್ಚಿ ಅವಳದು. ಅಲ್ಲಿ ಕೂತವರು ಬೇಡ ಎಂದರೆ ಆ ಚಹಾ ಮಾರಾಟಕ್ಕೆ ಹೋಗುವುದಿಲ್ಲ. ಹೆಂಗಸೊಬ್ಬಳು ಆ ಕುರ್ಚಿ ಏರಿದ್ದು ಅದೇ ಮೊದಲು. ಏರಿಸಿದವರು ಅವಳ ಮೇಲಧಿಕಾರಿ. ಅವರು ಹೀರುವ ಸದ್ದು ಬೀದಿಗೆ ಕೇಳಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಸುರ್ರಪ್ಪ.

ಅಲ್ಲೊಂದು ವಾಡಿಕೆಯಿದೆ. ಬೇಡವೆಂದ ಚಹಾವನ್ನು ಮತ್ತೆ ಮೇಜಿಗೆ ಕರೆಸಬಹುದು. ಆದರೆ ಬೇಡವೆಂದವರೇ ಮಾರಾಟದ ಕಚೇರಿಗೆ ಅಂಚೆಯಲ್ಲಿ ಕಾಗದ ಹಾಕಬೇಕು. ಹಾಕಿದವರು ತಮ್ಮ ಕುರ್ಚಿ ಬಿಟ್ಟು ಮೇಜಿನ ಕೊನೆಗೆ ಹೋಗಿ ಕೂರಬೇಕು. ಎಷ್ಟು ಕಾಲ ಎಂದು ಯಾರೂ ಹೇಳಿಲ್ಲ. ಹೋದವರು ಯಾರೂ ಮರಳಿ ಬಂದಿಲ್ಲ.

"ಇದು ಯಾವ ಊರಿನ ನ್ಯಾಯ?"

"ನಾನೇ ಮಾಡಿದ ನ್ಯಾಯ. ಇಲ್ಲದಿದ್ರೆ ಕಥೆ ಹೇಗೆ ಆಗುತ್ತೆ, ಸುಮ್ಮನಿರು."

೩

ಎರಡನೆಯ ತಿಂಗಳು. ಒಳಗಿರುವುದು ಬಟಾಣಿಕಾಳಿನಷ್ಟು, ಅದು ಅಲ್ಲಿದೆ ಎಂದು ಅವಳಿಗೂ ಗೊತ್ತಿಲ್ಲ. ಒಂದು ಬೆಳಿಗ್ಗೆ ಮೊದಲ ಬಟ್ಟಲು ಹೀರಿ ಮುಖ ಹಿಂಡಿದಳು. "ಕಬ್ಬಿಣ." ಎರಡನೆಯದೂ ಕಬ್ಬಿಣ. ಮೂರನೆಯದು ಒಬ್ಬ ಹೆಂಗಸು ತನ್ನ ಸ್ವಂತ ತೋಟದಿಂದ ಮೊದಲ ಸಲ ಕಳಿಸಿದ ಚಹಾ. ಅದಂತೂ ತುಕ್ಕು ಹಿಡಿದ ಬೀಗ ನೆಕ್ಕಿದ ಹಾಗಿತ್ತು. "ಬೇಡ," ಎಂದಳು.

"ಅವಳು ಕಬ್ಬಿಣ ಅಂದ್ರೆ ಕಬ್ಬಿಣ!" ಎಂದರು ಸುರ್ರಪ್ಪ. ಕೆಟಲ್ ಬದಲಾಯಿತು. ಚಮಚಗಳು ಬದಲಾದವು. ಪ್ಲಂಬರ್ ಬಂದು ಗೋಡೆ ಒಡೆದು ಪೈಪು ಕಿತ್ತ. ಕೊನೆಗೆ ಸುರ್ರಪ್ಪ ತಾವೇ ಬಗ್ಗಿ ನಲ್ಲಿ ನೆಕ್ಕಿ, ಕಣ್ಣು ಮುಚ್ಚಿ, "ಇದೆ! ಇದೆ ಕಣ್ರಯ್ಯಾ!" ಎಂದರು. ಅಷ್ಟು ಸಾಕಾಯಿತು. ಸಂಜೆಯೊಳಗೆ ಮೇಜಿನ ಸುತ್ತ ಕೂತ ಅಷ್ಟೂ ಗಂಡಸರ ನಾಲಿಗೆಗೆ ಕಬ್ಬಿಣ ಹತ್ತಿತ್ತು. ಪ್ಲಂಬರ್‌ಗೂ.

೪

ಮನೆಯಲ್ಲಿ ಗಂಡ, ಗಡಿಯಾರ ರಿಪೇರಿಯವನು, ಸೇಬು ಹೆಚ್ಚಿಕೊಟ್ಟ. ಕಬ್ಬಿಣ. ಬರೀ ನೀರು, ಕಬ್ಬಿಣ. ಅನುಮಾನ ಬಂದು ಅವನ ಕೆನ್ನೆಗೊಂದು ಮುತ್ತು ಕೊಟ್ಟಳು.

"ನೀನೂ ಕಬ್ಬಿಣ."

"ನಾನೇನು ಮೊಳೆಯಾ?" ಎಂದ ಪಾಪ.

ಡಾಕ್ಟರಮ್ಮ ನಕ್ಕರು. "ಮೊದಲ ತಿಂಗಳುಗಳಲ್ಲಿ ಕೆಲವರಿಗೆ ಹೀಗಾಗುತ್ತೆ, ಆಮೇಲೆ ಹೋಗುತ್ತೆ. ಸಿಹಿ ಹಂಚು, ಹೋಗು."

ಅಳು, ನಗು ಒಟ್ಟಿಗೇ ಬಂದವು. ತೋಟದ ಹೆಂಗಸಿನ ಚಹಾ ಉಗ್ರಾಣದ ಮೂಲೆ ಸೇರಿತ್ತು. ತಪ್ಪು ಚಹಾದ್ದಲ್ಲ, ನನ್ನ ಬಾಯಿಯದು, ಮತ್ತೆ ರುಚಿ ನೋಡಿ ಎಂದು ಆ ವಾರವೇ ಕಾಗದ ಬರೆದಳು. ಬರೆದು ಚೀಲದೊಳಗೆ ಇಟ್ಟುಕೊಂಡಳು. ಹಾಕಿದರೆ ಕುರ್ಚಿ ಹೋಗುತ್ತದೆ.

೫

(ಇಲ್ಲಿ ಮಗು ಬೆಳೆಯಬೇಕು. ನಾನು ಗಡಿಬಿಡಿ ಮಾಡುವುದಿಲ್ಲ, ಅದಕ್ಕೂ ಗಡಿಬಿಡಿಯಿಲ್ಲ. ಕ್ಲಿನಿಕ್ಕಿನ ಗೋಡೆಯ ಮೇಲಿನ ಚಿತ್ರದಲ್ಲಿ ಈ ತಿಂಗಳು ನಿಂಬೆ, ಮುಂದಿನ ತಿಂಗಳು ಕಿತ್ತಳೆ. ಮಗುವೋ ತರಕಾರಿ ಅಂಗಡಿಯೋ? ನಾನು ಬರೆಯುವುದಿಷ್ಟೇ: ಅದಕ್ಕೆ ಬೆರಳು ಬಂದವು, ಉಗುರು ಬಂತು. ನಾಲಿಗೆಯಂತೂ ಯಾವತ್ತೋ ಬಂದಿತ್ತು.)

"ನಾನು ತಿಂದದ್ದರ ರುಚಿ ಅದರ ಸುತ್ತಲ ನೀರಿಗೂ ಇಳಿಯುತ್ತಂತೆ ಅಜ್ಜೀ."

"ಹಾಗಾದ್ರೆ ಅದು ಆಗಲೇ ನಿನ್ನ ಕೆಲಸಕ್ಕೆ ಸೇರಿತು ಅನ್ನು."

"ಉಗಿಯೋಕೆ ಡಬ್ಬಿ ಇಲ್ಲ ಪಾಪ. ಎಲ್ಲಾನೂ ನುಂಗುತ್ತೆ."

೬

ಐದನೆಯ ತಿಂಗಳಲ್ಲಿ ಕಬ್ಬಿಣ ಬಂದ ಹಾಗೇ ಹೋಯಿತು. ನಾಲಿಗೆ ಮೊದಲಿಗಿಂತ ಚುರುಕಾಯಿತು. ಸುರ್ರಪ್ಪ ಹೊಸ ಪೈಪಿಗೆ ಶಹಬ್ಬಾಸ್ ಹೇಳಿದರು. ಇನ್ನು ಯಾರಿಗೂ ಏನೂ ತಿಳಿಯುವಂತಿಲ್ಲ. ನಾನೂ ಆಸೆಗೆ ಬಿದ್ದು ಬರೆದೆ: 'ಕಾಗದ ಹರಿದುಹಾಕಿದಳು. ಸುಖವಾಗಿದ್ದಳು.'

"ಅಷ್ಟೇನಾ?"

"ಕುರ್ಚಿ ಬೇಡವೇನೇ ನಿನಗೆ?"

"ಬೇಕು," ಎಂದಳು. ಇನ್ನೊಮ್ಮೆ ಎಂದಳು. "ಬೇಕು ಅಜ್ಜೀ."

ಆದ್ದರಿಂದ ಆರನೆಯ ತಿಂಗಳೂ ಹಾಗೇ ಕಳೆಯಿತು.

೭ (ಬಿಟ್ಟದ್ದು)

'ಆಗ ಒಳಗಿನಿಂದ ಮಗು ಒದೆಯಿತು. ಅಮ್ಮಾ, ಸತ್ಯ ಹೇಳು ಎಂದಂತಾಯಿತು.'

"ಅದು ಒದೆಯೋದು ಕಾಲು ಚಾಚೋಕೆ. ನನಗೆ ನೀತಿಪಾಠ ಹೇಳೋಕಲ್ಲ."

೮

ನಡೆದದ್ದು ಇಷ್ಟು. ಉಗ್ರಾಣದವನು ಬಂದು, ಮೂಲೆಯಲ್ಲಿರುವ ಬೇಡದ ಚಹಾವನ್ನೆಲ್ಲ ಬರುವ ವಾರ ಗೊಬ್ಬರದ ಗುಂಡಿಗೆ ಹಾಕುತ್ತೇವೆ ಎಂದ. ಅವಳು ಏದುಸಿರು ಬಿಡುತ್ತ ಮೆಟ್ಟಿಲಿಳಿದು ಹೋಗಿ ತೋಟದ ಹೆಂಗಸಿನ ಚಹಾ ಚೀಲದಿಂದ ಒಂದು ಹಿಡಿ ತಂದಳು. ಕುದಿನೀರು ಹುಯ್ದಳು. ಹೀರಿದಳು. ಸ್ವಲ್ಪ ಮಂಕಾಗಿತ್ತು, ನಿಜ. ಆದರೂ ಆಗ ತಾನೇ ಕೊಯ್ದ ಹುಲ್ಲು, ಅದರ ಹಿಂದೆ ಹಣ್ಣಿನ ಸಿಪ್ಪೆಯ ಸಣ್ಣ ಕಹಿ, ಎಲ್ಲಕ್ಕಿಂತ ಕೊನೆಗೆ, ಬಾಯಿ ಬರಿದಾದ ಮೇಲೆ, ಒಂದು ಸಿಹಿ. ಉಗಿಯಲು ಮರೆತು ನುಂಗಿದಳು. ಇನ್ನೊಂದು ಬಟ್ಟಲನ್ನು ಮರೆಯದೆ ನುಂಗಿದಳು.

ಆಮೇಲೆ ಸುರ್ರಪ್ಪನವರ ಎದುರು ನಿಂತು ಎಲ್ಲವನ್ನೂ ಹೇಳಿದಳು.

"ಹುಚ್ಚಾ ನಿನಗೆ? ಕಾಗದ ಹಾಕಿದ್ರೆ ನೀನು ಮೇಜಿನ ಕೊನೆಗೆ. ಅಲ್ಲಿಂದ ಎಬ್ಬಿಸೋದು ನನ್ನ ಕೈಲಾಗಲ್ಲ. ಬಸುರಿ ನಾಲಿಗೆ ನಂಬಬಾರದು ಅಂತ ಇವರೆಲ್ಲ ಹಾಡ್ತಾರೆ. ಇನ್ಯಾವ ಹೆಂಗಸನ್ನೂ ಈ ಕುರ್ಚಿ ಹತ್ರ ಬಿಡಲ್ಲ."

"ನನ್ನ ನಾಲಿಗೆಗೆ ಕಾರಣ ಇತ್ತು ಸಾರ್. ನೀವೆಲ್ಲ ಬಸುರಿಯಾಗದೇನೇ ಕಬ್ಬಿಣ ಕಂಡ್ರಲ್ಲ?"

ಸುರ್ರಪ್ಪ ಎದ್ದು ಹೋಗಿ ಬಾಗಿಲು ಮುಚ್ಚಿದರು. ಮೆಲ್ಲಗೆ, "ನಾನು ನಲ್ಲಿ ನೆಕ್ಕಿದ್ದನ್ನ ಕಾಗದದಲ್ಲಿ ಬರೀಬೇಡ ತಾಯಿ," ಎಂದರು.

"ಕಾಗದ ಹಾಕೋಕೆ ಬಿಡ್ತೀರಾ, ಹಾಗಾದ್ರೆ?"

"ಬಿಡೋಕೆ ನಾನ್ಯಾರು? ಆ ಚಹಾ ಅಷ್ಟು ಚೆನ್ನಾಗಿದ್ಯಾ?"

"ಅದನ್ನ ಕೆಟ್ಟದು ಅಂದವಳು ಮೊದಲ ಕುರ್ಚೀಲಿ ಕೂತಿರೋದು ನೋಡೋಕೆ ನನಗೇ ಆಗ್ತಿಲ್ಲ. ಅಷ್ಟು ಚೆನ್ನಾಗಿದೆ."

೯

ಓದುಗರೇ, ಮುಕ್ತಾಯಗಳು ತಯಾರಿವೆ. (ಅ) ಸುರ್ರಪ್ಪ ಎದ್ದು ನಿಂತು ವಾಡಿಕೆಯನ್ನೇ ರದ್ದು ಮಾಡುತ್ತಾರೆ, ಎಲ್ಲರೂ ಚಪ್ಪಾಳೆ. (ಆ) ಅವಳು ಮೇಜಿನ ಕೊನೆಯಲ್ಲೇ ಮುದುಕಿಯಾಗುತ್ತಾಳೆ. ಮಗಳು ಬಂದು ಮೊದಲ ಕುರ್ಚಿಯಲ್ಲಿ ಕೂರುತ್ತಾಳೆ. (ಇ) ಅಂಚೆ ಕಚೇರಿಯ ಬಾಗಿಲಲ್ಲೇ ನೋವು ಶುರುವಾಗಿ...

"ಹೆರಿಗೆ ನಂದು ಅಜ್ಜೀ. ನಿಮ್ಮ ಕಥೆಗೆ ಅನುಕೂಲ ಆಗ್ಲಿ ಅಂತ ಎರಡು ತಿಂಗಳು ಮುಂಚೆ ಹೆರೋಕಾಗಲ್ಲ."

"(ಆ) ಪರವಾಗಿಲ್ಲ ಅಲ್ವಾ?"

"ಮಗಳು ಅಂತ ನಿಮಗೆ ಯಾರು ಹೇಳಿದ್ರು?"

ಯಾರೂ ಹೇಳಿಲ್ಲ. ಮೂರನ್ನೂ ಹೊಡೆದುಹಾಕಿದ್ದೇನೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಾಗಿತ್ತು. ಹಿಂದೆಯೇ ಬರೆಯುತ್ತ ಹೋಗುವುದಷ್ಟೇ ನನಗೆ ಉಳಿದ ಕೆಲಸ.

೧೦

ಅಂಚೆ ಕಚೇರಿಯಲ್ಲಿ ಕಿಟಕಿಯೊಂದು. ಅದರ ಹಿಂದೆ ಕನ್ನಡಕವನ್ನು ಹಣೆಗೇರಿಸಿದ ಗುಮಾಸ್ತ. ಅವಳು ಕೊಟ್ಟ ಲಕೋಟೆಯ ಮೂಲೆಗಳು ಚೀಲದಲ್ಲಿ ಓಡಾಡಿ ಮೃದುವಾಗಿದ್ದವು.

"ಅರ್ಜೆಂಟಾ?"

"ಐದು ತಿಂಗಳಿಂದ ಅರ್ಜೆಂಟು."

ಅವನು ಅವಳ ಮುಖ ನೋಡಿದ, ಹೊಟ್ಟೆ ನೋಡಿದ. ಸ್ಟಾಂಪು ಹಚ್ಚಿ, ಮುದ್ರೆ ಒತ್ತಿ, ತಿರುಗಿಯೂ ನೋಡದೆ ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದ.

"ಒಂದ್ನಿಮಿಷ," ಎಂದಳು ಅವಳು, ಕಿಟಕಿಯೊಳಗೆ ಕೈ ಹಾಕಿ.

"ಹೋಯ್ತಲ್ಲಮ್ಮ," ಎಂದ ಗುಮಾಸ್ತ.