ಹೆಸರು ಬರೆಸಲು ಜಾಗವಿಲ್ಲದ ಖರ್ಚು

ನಮ್ಮ ತುಮಕೂರಿನ ಜನ ದಾನದಲ್ಲಿ ಜಿಪುಣರಲ್ಲ. ಆದರೆ ಕೊಟ್ಟ ವಸ್ತುವಿನ ಮೇಲೆ ಹೆಸರು ಬರೆಸಲು ಜಾಗವಿರಬೇಕು. ಉಪ್ಪಾರಹಳ್ಳಿಯಲ್ಲಿ ನಾನು ಪಾಠ ಮಾಡುವ ಅಂಧರ ಕಂಪ್ಯೂಟರ್ ಕೇಂದ್ರದಲ್ಲಿ ಫ್ಯಾನಿನ ರೆಕ್ಕೆಗಳ ಮೇಲೂ ಹೆಸರುಗಳಿವೆ. ಆರು ಕಂಪ್ಯೂಟರುಗಳ ಮೇಲೆ ಕೆಂಪು ಬಣ್ಣದಲ್ಲಿ ‘ದಾನಿಗಳು: ಶಿವರಾಮಯ್ಯ’. ಇಂಟರ್‌ನೆಟ್ಟಿಗೆ, ರಿಪೇರಿಗೆ, ಯುಪಿಎಸ್ ಬ್ಯಾಟರಿಗೆ ಮಾತ್ರ ಬಜೆಟ್ಟಿನಲ್ಲಿ ಬಿಡಿಗಾಸಿಲ್ಲ. ದಾನಿಗಳ ಸಮಿತಿಯ ಈ ಸಲದ ಸಭೆಯಲ್ಲಿ ಆ ದುಡ್ಡು ಹೊಂದಿಕೆಯಾಗದಿದ್ದರೆ ಕೇಂದ್ರಕ್ಕೆ ಬೀಗ. ಸಿ.ಎಸ್. ಪುರದಿಂದ ದಿನಾ ಬಸ್ಸಿನಲ್ಲಿ ಬಂದು ಕಲಿಯುವ ತ್ರಿವೇಣಿಯ ಬ್ಯಾಂಕ್ ಪರೀಕ್ಷೆಗೆ ಇನ್ನು ಎರಡೇ ತಿಂಗಳಿತ್ತು.

“ಬೇಕಾದ್ರೆ ಇನ್ನೆರಡು ಕಂಪ್ಯೂಟರ್ ಕೊಡ್ತೀನಮ್ಮ ಸುಧಾ,” ಎಂದರು ಸಭೆಯಲ್ಲಿ ಶಿವರಾಮಯ್ಯ. “ಇಂಟರ್‌ನೆಟ್ ಮೇಲೆ ಹೆಸ್ರು ಎಲ್ಲಿ ಬರ್ಸೋದು?”

ನನಗೆ ರೇಗಿಹೋಯಿತು. ಅಲ್ಲೇ ಕಂಪ್ಯೂಟರ್ ಮುಂದೆ ಕೂತಿದ್ದವಳ ಕಡೆ ತಿರುಗಿದೆ. “ತ್ರಿವೇಣಿ, ನಿನ್ ಕಂಪ್ಯೂಟರ್ ಮೇಲೆ ಯಾರ ಹೆಸ್ರಿದೆ ಹೇಳು.”

ಅವಳು ಬೆರಳಾಡಿಸಿ ನೋಡಿದಳು. “ಹೆಸ್ರೂ ಇದ್ಯಾ ಮೇಡಂ?”

ಶಿವರಾಮಯ್ಯ ತಮ್ಮ ಕೆಂಪಕ್ಷರಗಳತ್ತ ನೋಡಿದರು. ಕಬ್ಬಿಣ ಕಾದಾಗಲೇ ಬಡಿಯಬೇಕಲ್ಲ!

“ಮಠದಲ್ಲಿ ಹಿರಿಯರ ಹೆಸ್ರಲ್ಲಿ ಒಂದ್ ದಿನದ ದಾಸೋಹ ಮಾಡಿಸ್ತೀರಲ್ಲ, ಹಂಗೇ ಇಲ್ಲೂ ಒಂದೊಂದು ದಿನದ ಖರ್ಚು ಕೊಡಿ. ಹೆಸ್ರು ಬರ್ಯೋದಿಲ್ಲ, ಕೇಳಿಸ್ತೀವಿ.”

ಪರದೆಯ ಮೇಲಿರುವುದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತದೆ. ನಮ್ಮ ವಿದ್ಯಾರ್ಥಿಗಳು ಕಲಿಯುವುದೇ ಹಾಗೆ. ತ್ರಿವೇಣಿಯ ಕಿವಿಯಲ್ಲಿ ಒಂದು ಸಾಲು ಹೇಳಿದೆ. ಅವಳು ಟಕಟಕ ಒತ್ತಿದಳು. ಸ್ಪೀಕರ್ ಮಾತಾಡಿತು: “ಇವತ್ತಿನ ಪಾಠ ಶ್ರೀಮತಿ ಲಕ್ಷ್ಮೀದೇವಮ್ಮನವರ ನೆನಪಿಗೆ.”

ಅದು ಶಿವರಾಮಯ್ಯನವರ ತೀರಿಹೋದ ಹೆಂಡತಿಯ ಹೆಸರು. ಅವರು ದಡಕ್ಕನೆ ಎದ್ದು ನಿಂತರು. ಅತಿ ಮಾಡಿದೆನೇನೋ ಎನಿಸಿತು.

ಅವರು ಗೋಡೆಯ ಕ್ಯಾಲೆಂಡರನ್ನೇ ಕಿತ್ತು ಮೇಜಿನ ಮೇಲಿಟ್ಟರು. ಹೆಂಡತಿಯ ತಿಥಿಯ ದಿನಕ್ಕೆ ಗುರುತು ಹಾಕಿ ಫೋನ್ ತೆಗೆದರು. “ಏನ್ಲಾ ರೇಣುಕಾಪ್ರಸಾದ, ನಿಮ್ಮಪ್ಪನ ತಿಥಿ ಯಾವತ್ಲಾ? ಯಾಕೆ ಅಂತ ಆಮೇಲ್ ಹೇಳ್ತೀನಿ, ಮೊದ್ಲು ದುಡ್ಡು ಕಳ್ಸು!”

ಗುಬ್ಬಿಯ ನೆಂಟರಾಯಿತು, ಕುಣಿಗಲ್ಲಿನ ಬೀಗರಾಯಿತು. ಉಳಿದ ಸದಸ್ಯರೂ ಫೋನ್ ಹಿಡಿದರು. ಒಂದೇ ತಾರೀಖಿಗೆ ಇಬ್ಬರು ಜಗಳಕ್ಕೆ ಬಿದ್ದರು. ಮಹಾನುಭಾವರೊಬ್ಬರು ಫೆಬ್ರವರಿ ಇಪ್ಪತ್ತೊಂಬತ್ತನ್ನೇ ಕೇಳಿದರು! ನನಗೆ ಕುಣಿದಾಡುವಷ್ಟು ಖುಷಿ. ಸಂಜೆ ಹೊತ್ತಿಗೆ ವರ್ಷದ ಖರ್ಚು ಹೊಂದಿಕೆಯಾಗಿತ್ತು. ಬೀಗದ ಮಾತನ್ನು ಯಾರೂ ಎತ್ತಲಿಲ್ಲ.

ಎಲ್ಲರೂ ಎದ್ದ ಮೇಲೆ ಶಿವರಾಮಯ್ಯ ತ್ರಿವೇಣಿಯ ಪಕ್ಕಕ್ಕೆ ಬಂದು ಕೂತರು.

“ಇನ್ನೊಂದ್ ಸಲ ಹೇಳ್ಸವ್ವ. ನಲವತ್ತು ವರ್ಷ ಸಂಸಾರ ಮಾಡ್ದೆ. ‘ಲೇ’ ಅಂತಿದ್ದೆ, ‘ಇವ್ಳೇ’ ಅಂತಿದ್ದೆ. ಒಂದ್ ದಿನಾನೂ ಹೆಸ್ರು ಹಿಡ್ದು ಕರೀಲಿಲ್ಲ ಕಣವ್ವ.”

ತ್ರಿವೇಣಿ ಅವರ ಬೆರಳನ್ನು ಹಿಡಿದು ಆ ಸಾಲನ್ನು ಓದಿಸುವ ಕೀಲಿಯ ಮೇಲಿಟ್ಟಳು. “ನೀವೇ ಒತ್ತಿ, ತಾತ.”