ಗಂಟು ಬಿಚ್ಚದ ಬೂಟುಗಳು

ಕೆಟಲಿನ ಮುಚ್ಚಳ ಕುಣಿಯುತ್ತಿದೆ, ಕುಣಿದು ಒಂದು ಬದಿಗೆ ವಾಲಿ ಮತ್ತೆ ಕೂರುತ್ತದೆ, ಅದನ್ನೇ ನೋಡುತ್ತಿರಬೇಕು, ಅವಳ ಬಾಯನ್ನು ನೋಡಬಾರದು, ಬಾಯಿ ನೋಡಿದರೆ ನನ್ನ ಕಣ್ಣು ಅವಳ ಮಾತಿನ ಹಿಂದೆಯೇ ಹೋಗುತ್ತದೆ, ಹೋದದ್ದು ಅವಳಿಗೆ ಕಾಣುತ್ತದೆ — ದರ್ಜಿಯ ಹೆಂಡತಿ ಎದುರಿನ ಬೆಂಚಿನ ತುದಿಯಲ್ಲಿ ಕೂತಿದ್ದಾಳೆ, ತೋಳಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿದೆ, ಊರಿಗೆಲ್ಲ ಅಂಗಿ ಹೊಲಿಯುವವನ ಹೆಂಡತಿಗೆ ಗುಂಡಿ ಹಾಕಿಕೊಡುವವರಿಲ್ಲ, ಇದನ್ನು ಅಮ್ಮನಿಗೆ ಹೇಳಬೇಕು, ಅಮ್ಮ ನಗುತ್ತಾಳೆ, ಇಲ್ಲ, ಹೇಳಲಾಗುವುದಿಲ್ಲ, ಇರುವ ಒಂದೇ ಫೋನು ನರ್ಸಕ್ಕನ ಮೇಜಿನ ಮೇಲಿದೆ, ನಾನು ಮಾತಾಡುವಾಗ ನರ್ಸಕ್ಕ ಪಕ್ಕದಲ್ಲೇ ಕೂತು ಹತ್ತಿ ಸುತ್ತುತ್ತಿರುತ್ತಾಳೆ, ಅವಳಿಗೆ ಕನ್ನಡ ಬರುವುದಿಲ್ಲ, ಬರುವುದಿಲ್ಲ ಅಂತ ನಾನು ಅಂದುಕೊಂಡಿದ್ದೇನೆ, ನನಗೆ ಇವರ ಮಾತು ಬರುವುದಿಲ್ಲ ಅಂತ ಇವರು ಅಂದುಕೊಂಡಿರುವ ಹಾಗೆ. ಇವತ್ತು ಸಂಜೆ ಮುಗಿಸಿಬಿಡ್ತೀನಿ ಕಣೇ, ಅನ್ನುತ್ತಿದ್ದಾಳೆ ದರ್ಜಿಯ ಹೆಂಡತಿ, ಬಟ್ಟೆ ಒಗೆಯುವ ಕೆಲಸದ ಬಗ್ಗೆ ಹೇಳುವ ಹಾಗೆ, ಅತ್ತೆಗೆ ಅಂತ ಕೊಟ್ಟ ನಿದ್ದೆ ಔಷಧೀಲಿ ದಿನಾ ಅರ್ಧಾನೇ ಕುಡಿಸ್ತಿದ್ದೆ, ಉಳಿದದ್ದನ್ನ ಈ ಬಾಟ್ಲೀಲಿ ಕೂಡಿಟ್ಟಿದ್ದೀನಿ ನೋಡು, ಸಂಜೆ ಅಷ್ಟನ್ನೂ ಹಾಲಿಗೆ ಹಾಕಿ ಕುಡಿಸಿಬಿಟ್ರೆ ಅವರಿಗೂ ಬಿಡುಗಡೆ ನನಗೂ ಬಿಡುಗಡೆ — ಜೇಬಿನಿಂದ ಬಾಟಲಿ ತೆಗೆದು ತೋರಿಸುತ್ತಾಳೆ, ಕಂದು ಬಣ್ಣದ್ದು, ಕೆಮ್ಮಿನ ಔಷಧಿಯ ಹಳೆಯ ಬಾಟಲಿ, ನಾನು ಮುಗುಳ್ನಗುತ್ತೇನೆ, ತಲೆಯಾಡಿಸುತ್ತೇನೆ, ತಲೆಯಾಡಿಸುವುದೇ ನನ್ನ ಕೆಲಸ.

ಬಂದದ್ದು ಅದಕ್ಕಲ್ಲ. ಬ್ಯಾಂಡೇಜು ಕುದಿಸುವುದಕ್ಕೆ, ಕೂಸುಗಳನ್ನು ತಕ್ಕಡಿಯಲ್ಲಿ ಮಲಗಿಸಿ ತೂಗುವುದಕ್ಕೆ, ನೀರು ಸೋಸಿ ಕುಡಿಯಿರಿ ಅಂತ ಚಿತ್ರ ತೋರಿಸುವುದಕ್ಕೆ, ಸ್ವಯಂಸೇವಕಿ, ಎಷ್ಟು ಚಂದದ ಪದ, ಕಾಲೇಜಿನ ಬೀಳ್ಕೊಡುಗೆಯಲ್ಲಿ ಮೇಷ್ಟರು ಅದನ್ನು ಹೇಳುವಾಗ ಬೆನ್ನು ನೆಟ್ಟಗಾಗಿತ್ತು, ಇಲ್ಲಿ ಇಳಿದ ಮೇಲೆ ಪದಗಳೇ ಇಲ್ಲ, ಅನ್ನಕ್ಕೆ ಕೈಸನ್ನೆ, ನೀರಿಗೆ ಕೈಸನ್ನೆ, ಮೂಕಿಯ ಹಾಗೆ ಓಡಾಡಿಕೊಂಡಿದ್ದೆ, ಅಮ್ಮ ಫೋನಿನಲ್ಲಿ ಹೇಳಿದಳು, ಮನೇಲಿ ಒಂದು ನಿಮಿಷ ಬಾಯಿ ಮುಚ್ಚದೋಳು, ಅಲ್ಲಿ ಹೆಂಗಿದೀಯೇ ಮಾರಾಯ್ತಿ, ಬಾಯಿಗೆ ತುಕ್ಕು ಹಿಡಿಯುತ್ತೆ ನೋಡ್ಕೋ. ಮಧ್ಯಾಹ್ನ ನರ್ಸಕ್ಕ ಸೈಕಲ್ ಹತ್ತಿ ಮನೆ ಮನೆ ನೋಡಲು ಹೋದರೆ ಆರೋಗ್ಯ ಕೇಂದ್ರದ ಈ ಹಿಂದಿನ ಕೋಣೆಯಲ್ಲಿ ನಾನು ಒಬ್ಬಳೇ, ಸ್ಟವ್ವು, ಕೆಟಲು, ಒಂದು ಸ್ಟೂಲು, ಒಂದು ಬೆಂಚು, ಅರ್ಧ ಪರದೆಯ ಕಿಟಕಿ, ಹಾಗೊಂದು ಮಧ್ಯಾಹ್ನ ಹಾಲಿನ ವ್ಯಾನಿನವನು ಬಂದು ಬೆಂಚಿನ ಮೇಲೆ ಕೂತ, ಗಾಯ ಇರಲಿಲ್ಲ, ಜ್ವರ ಇರಲಿಲ್ಲ, ಟೋಪಿ ಹಿಂಡುತ್ತ ಮಾತಾಡತೊಡಗಿದ, ನನಗೆ ಒಂದಕ್ಷರ ತಿಳಿಯಲಿಲ್ಲ, ಮಾತಾಡುತ್ತ ಮಾತಾಡುತ್ತ ಗೆಣ್ಣಿನಿಂದ ಬೆಂಚನ್ನು ಟಕ್ ಟಕ್ ಅಂತ ಬಡಿದು ತೋರಿಸಿದ, ಅತ್ತ, ಅಷ್ಟು ದೊಡ್ಡ ಗಂಡಸು ಮೂಗು ಸೋರಿಸಿಕೊಂಡು, ನಾನು ನೀರು ಕೊಟ್ಟೆ, ತಲೆಯಾಡಿಸಿದೆ, ಹೋಗುವಾಗ ಅವನ ಮುಖ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮಾರನೆಯ ದಿನ ರೊಟ್ಟಿ ಅಂಗಡಿಯವಳು, ಆಮೇಲೆ ಶಾಲೆಯ ಮೇಷ್ಟರು, ಆಮೇಲೆ ಒಬ್ಬರು ಒಳಗೆ ಕೂತಿದ್ದರೆ ಹೊರಗಿನ ಜಗಲಿಯಲ್ಲಿ ಇನ್ನಿಬ್ಬರು ಕಾಯುತ್ತ, ಬರುವಾಗ ಮೊಟ್ಟೆ ತರುವರು, ಸೇಬು ತರುವರು, ಹೋಗುವಾಗ ನನ್ನ ಕೆನ್ನೆ ತಟ್ಟುವರು, ಅರ್ಥವಾಗದವಳ ಎದುರು ಏನು ಬೇಕಾದರೂ ಇಳಿಸಿಟ್ಟು ಹೋಗಬಹುದಲ್ಲ, ಒಳ್ಳೆಯದೇ ಆಯಿತು ಅಂದುಕೊಂಡೆ, ಏನೂ ಮಾಡದೆ ಯಾರದೋ ಎದೆ ಹಗುರಾಗುವುದಾದರೆ ಆಗಲಿ, ಇಂಥ ಸುಲಭದ ಸೇವೆ ಯಾರಿಗುಂಟು. ಊರಲ್ಲಿ ದೊಡ್ಡಮ್ಮ ನಾನು ಕೋಣೆಗೆ ಬಂದರೆ ಮಾತು ನಿಲ್ಲಿಸುತ್ತಿದ್ದಳು, ಇದರ ಕಿವಿ ನಾಯಿ ಕಿವಿ ಕಣ್ರೇ, ಬಾಗಿಲ ಆಚೆ ನಿಂತ್ರೂ ಕೇಳಿಸ್ಕೊಳ್ಳುತ್ತೆ, ಅನ್ನುವಳು, ಇಲ್ಲಿ ನೋಡು ದೊಡ್ಡಮ್ಮ, ಊರಿಗೆ ಊರೇ ಹುಡುಕಿಕೊಂಡು ಬಂದು ಹೇಳುತ್ತದೆ.

ಆ ನಂತರ ಅದು ಬಂತು, ಭಾಷೆ, ಕಲಿತೆ ಅಂತ ಹೇಳಲಾರೆ, ಕಲಿಯುವಾಗ ಬರಲಿಲ್ಲ, ಒಂದು ಬೆಳಿಗ್ಗೆ ಬ್ಯಾಂಡೇಜು ಹಿಂಡುತ್ತಿದ್ದೆ, ಅಂಗಳದಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು, ಮಳೆ ಹೀಗೇ ಹಿಡಿದ್ರೆ ಸೌದೆ ಒಣಗಿದ ಹಾಗೇ ಸರಿ, ಅಂದಳು ಒಬ್ಬಳು, ಸೌದೆ ಒಣಗದಿದ್ರೆ ನಿನ್ನ ಗಂಡನ್ನ ಉರಿಸು, ಅವನಂತೂ ಒಣಗಿ ಕೂತಿದ್ದಾನೆ, ಅಂದಳು ಇನ್ನೊಬ್ಬಳು, ನಾನು ನಕ್ಕೆ, ನಕ್ಕ ಮೇಲೆ ಕೈ ನಿಂತಿತು, ಅವರು ಕನ್ನಡದಲ್ಲಿ ಮಾತಾಡಿರಲಿಲ್ಲ, ನನ್ನೊಳಗೆ ಅದು ಕನ್ನಡವಾಗಿ ಬಿದ್ದಿತ್ತು, ಅಮ್ಮನ ಅಡುಗೆಮನೆಯಲ್ಲಿ ಕೇಳಿದ ಹಾಗೆ, ಬಾಗಿಲು ತಟ್ಟದೆ ಒಳಗೆ ಬಂದವರ ಹಾಗೆ. ಕುಣಿದಾಡಬೇಕಿತ್ತು, ಎಷ್ಟು ಆಸೆಪಟ್ಟಿದ್ದೆ ಈ ದಿನಕ್ಕೆ, ನರ್ಸಕ್ಕನಿಗೆ ಹೇಳಬೇಕು ಅಂತ ಓಡಿದವಳು ಬಾಗಿಲಲ್ಲೇ ನಿಂತುಬಿಟ್ಟೆ, ಯಾಕೆಂದರೆ ಅಷ್ಟರಲ್ಲಿ ಹಿಂದಿನದೆಲ್ಲ ತೆರೆದುಕೊಳ್ಳತೊಡಗಿತ್ತು — ಬರೀ ಸದ್ದಾಗಿ ಕಿವಿಯಲ್ಲಿ ಉಳಿದುಕೊಂಡಿದ್ದದ್ದು ಒಂದೊಂದಾಗಿ ಮಾತಾಗಿ ಅರಳುತ್ತಿತ್ತು, ನೆನೆಹಾಕಿದ ಕಾಳು ಬಾಯಿ ಬಿಡುವ ಹಾಗೆ, ವ್ಯಾನಿನವನು ಟೋಪಿ ಹಿಂಡುತ್ತ ಕೂತಿದ್ದಾನೆ, ಹಿಂದಿನ ಪೆಟ್ಟಿಗೇಲಿ ಕೂರಿಸಿದ್ವಿ ಮಗಳೇ, ದೊಡ್ಡ ರಸ್ತೆ ತನಕ ಬಿಟ್ಟು ಬಾ ಅಂದ್ರು, ದಾರಿ ಉದ್ದಕ್ಕೂ ಬಡೀತಾನೇ ಇದ್ದಳು, ಟಕ್ ಟಕ್ ಅಂತ, ನಾನು ರೇಡಿಯೋ ಜೋರು ಮಾಡಿದೆ, ತೆಗೆದು ನೋಡಿದಾಗ ಬಡೀತಿರಲಿಲ್ಲ. ಹಾಲು ಕೆಡದ ಹಾಗೆ ಇಡುವ ಪೆಟ್ಟಿಗೆ ಅದು, ಗಾಳಿಯಾಡದ್ದು, ಚಿಲಕ ಹೊರಗಡೆ ಮಾತ್ರ. ಯಾರು, ಯಾರನ್ನು ಕೂರಿಸಿದರು, ಕೇಳುವ ಹಾಗಿಲ್ಲ, ಕೇಳಬೇಕಾಗಿಯೂ ಇರಲಿಲ್ಲ, ನಾನಿರುವ ಮನೆಯ ಮೆಟ್ಟಿಲ ಕೆಳಗೆ ಬೂಟುಗಳಿವೆ, ಬಂದ ದಿನದಿಂದ ನೋಡುತ್ತಿದ್ದೇನೆ, ಹೆಂಗಸಿನ ಬೂಟುಗಳು, ಕೆಸರು ಒಣಗಿ ಬಿರುಕು ಬಿಟ್ಟಿದೆ, ನಿನಗಿಂತ ಮುಂಚೆ ಬಂದಿದ್ದೋಳದು, ಅವಸರದಲ್ಲಿ ಊರಿಗೆ ಹೋದಳು, ಅಂತ ಮನೆಯೊಡತಿ ಕೈಸನ್ನೆಯಲ್ಲೇ ತಿಳಿಸಿದ್ದಳು, ಅವಸರದಲ್ಲಿ ಹೋಗುವವರು ಬೂಟು ಮರೆಯಬಹುದು, ಇರಬಹುದು, ಆದರೆ ಎರಡರ ಲೇಸೂ ಕಟ್ಟಿದ ಹಾಗೇ ಇದೆ, ಗಂಟಿನ ಮೇಲೆ ಗಂಟು, ಬಿಗಿಯಾಗಿ, ಗಂಟು ಬಿಚ್ಚದೆ ಕಾಲು ಹೊರಗೆ ಬಂದದ್ದು ಹೇಗೆ.

ನರ್ಸಕ್ಕನಿಗೆ ಹೇಳೋಣವೆಂದರೆ, ಅವಳೂ ಈ ಬೆಂಚಿನ ಮೇಲೆ ಕೂತಳು. ಒಂದು ಸಂಜೆ ರೋಗಿಗಳೆಲ್ಲ ಹೋದ ಮೇಲೆ, ಬೂಟು ಕಳಚಿ, ಊದಿದ ಪಾದ ತಿಕ್ಕಿಕೊಳ್ಳುತ್ತ, ನಿನಗಿಂತ ಮುಂಚೆ ಬಂದಿದ್ದ ಆ ಹುಡುಗಿ ತುಂಬ ಚುರುಕು ಇದ್ದಳು ಕಣಮ್ಮ, ನಿನ್ನ ಹಾಗಲ್ಲ, ಬೇಗ ಕಲಿತುಬಿಟ್ಟಳು, ಶಾಲೆ ಮೇಷ್ಟರು ಅವಳ ಹತ್ರ ಹೇಳಿಕೊಂಡಿದ್ದನ್ನ ಮೇಷ್ಟರ ಎದುರಿಗೇ ಆಡಿದಳು, ಆಮೇಲೆ ಊರಲ್ಲಿ ಒಬ್ಬರಿಗೂ ನಿದ್ದೆ ಇಲ್ಲ, ಎಲ್ಲರದೂ ಅವಳ ಹೊಟ್ಟೇಲಿತ್ತಲ್ಲ, ನಾನೇ ಹೇಳಿದೆ, ಹುಡುಗಿಗೆ ಮಾತು ಬಂದಿದೆ ಅಂತ ನಾನೇ ಹೋಗಿ ಹೇಳಿದೆ, ಈಗ ಒಂದೊಂದು ಸಲ ಸೈಕಲ್ ತುಳೀವಾಗ ನೆನಪಾಗುತ್ತೆ. ಹೇಳಿ, ಕಣ್ಣೊರೆಸಿಕೊಂಡು, ಕೆನ್ನೆ ತಟ್ಟಿ, ಟೀ ಬಗ್ಗಿಸಿದಳು, ಬಗ್ಗಿಸುತ್ತ ಅದೇ ದನಿಯಲ್ಲಿ, ಒಂದಿಷ್ಟೂ ಏರಿಳಿತ ಇಲ್ಲದೆ, ಹಲ್ಲಿ ಬಿದ್ದಿದೆ ನೋಡು ನಿನ್ನ ಲೋಟದಲ್ಲಿ, ಅಂದಳು. ನನ್ನ ಕತ್ತು ಬಗ್ಗಲಿಲ್ಲ. ಬಗ್ಗದ ಹಾಗೆ ಹಿಡಿದುಕೊಂಡ ನರ ಇನ್ನೂ ನೋಯುತ್ತದೆ, ಲೋಟ ಎತ್ತಿದೆ, ಅವಳ ಮುಖ ನೋಡುತ್ತಲೇ ಕುಡಿದೆ, ಏನೋ ತುಟಿಗೆ ತಾಗಿತು, ಎಲೆಯ ಚೂರೇ ಇರಬೇಕು, ನುಂಗಿದೆ, ಅವಳು ಉಸಿರು ಬಿಟ್ಟಳು, ಜಾಣೆ ನನ್ನ ಕೂಸು, ನಿಧಾನಕ್ಕೆ ಕಲಿ, ಏನವಸರ. ಅಂದಿನಿಂದ ಎಲ್ಲರೂ ಪರೀಕ್ಷೆ ಮಾಡುತ್ತಿದ್ದಾರೆ ಅನ್ನಿಸುತ್ತದೆ, ನಿನ್ನ ಬೆನ್ನ ಮೇಲೆ ಹುಳ ಹರೀತಿದೆ ಅನ್ನುತ್ತಾಳೆ ರೊಟ್ಟಿಯವಳು, ನಿಮ್ಮಮ್ಮನಿಗೆ ಹುಷಾರಿಲ್ಲವಂತೆ ಅನ್ನುತ್ತಾರೆ ಮೇಷ್ಟರು, ನಿಜವೋ ಪರೀಕ್ಷೆಯೋ, ಮುಖ ಹಿಟ್ಟಿನ ಮುದ್ದೆಯಂತೆ ಇಟ್ಟುಕೊಂಡು ನಗಬೇಕು, ಅಮ್ಮನಿಗೆ ಫೋನು ಮಾಡಿದರೆ ನಾನು ಚೆನ್ನಾಗಿದ್ದೀನಿ, ನಿಂದೇ ಯಾಕೋ ಮಾತು ನಿಧಾನ ಆಗಿದೆ, ಯಾರೋ ಪಕ್ಕದಲ್ಲಿ ಕೂತು ಹೇಳಿಕೊಡ್ತಿರೋ ಹಾಗೆ ಮಾತಾಡ್ತೀಯಲ್ಲೇ, ಅನ್ನುತ್ತಾಳೆ, ಪಕ್ಕದಲ್ಲಿ ಹತ್ತಿಯ ಉಂಡೆ ಸುತ್ತುವ ನರ್ಸಕ್ಕನ ಕೈ ಒಂದು ಗಳಿಗೆ ನಿಲ್ಲುತ್ತದೆ. ತಿಂಗಳ ಕೊನೆಗೆ ನನ್ನನ್ನು ಕರೆದೊಯ್ಯಲು, ಇಲ್ಲಿಗೆ ಕಳಿಸಿದ ಸಂಸ್ಥೆಯ ಜೀಪು ಬರುತ್ತದೆ, ಅಲ್ಲಿಯವರೆಗೆ ಅರ್ಥವಾಗದೆ ಇದ್ದುಬಿಟ್ಟರೆ ಸಾಕು, ಅಷ್ಟೇ, ತುಟಿ ಪಿಟಕ್ಕೆನ್ನದೆ ಇದ್ದುಬಿಟ್ಟರೆ.

ದರ್ಜಿಯ ಹೆಂಡತಿ ಎದ್ದಿಲ್ಲ, ಇನ್ನೂ ಹೇಳುತ್ತಿದ್ದಾಳೆ, ಕೆಟ್ಟವಳಲ್ಲ ಕಣೇ ನಾನು, ಎಷ್ಟು ವರ್ಷ ಹೊರಳಿಸಿ ಮಲಗಿಸಿದ್ದೀನಿ, ಎಷ್ಟು ತೊಳೆದಿದ್ದೀನಿ, ಅವರ ಮಗ ಒಂದು ದಿನ ಆ ಕೋಣೆಗೆ ಕಾಲಿಡಲಿಲ್ಲ, ಮಿಷನ್ನು ತುಳಿಯೋ ಸದ್ದಲ್ಲಿ ಅಮ್ಮನ ನರಳಾಟ ಕೇಳಿಸಲ್ಲ ಅವನಿಗೆ, ನನ್ನ ಕೈ ನೋಡು. ಕೈ ನೋಡುತ್ತೇನೆ, ಬಿರಿದ ಕೈ, ಸಾಬೂನು ತಿಂದ ಉಗುರು, ಕೆಟ್ಟವಳಲ್ಲ, ನನಗೂ ಗೊತ್ತು, ಈ ಊರಲ್ಲಿ ನಾನು ಕೆಟ್ಟವರನ್ನು ಒಬ್ಬರನ್ನೂ ಕಾಣಲಿಲ್ಲ, ಅದೇ ಭಯ. ಆ ಅತ್ತೆಯನ್ನು ನಾನು ನಿನ್ನೆ ನೋಡಿದ್ದೇನೆ, ಬೆನ್ನಿನ ಹುಣ್ಣಿಗೆ ಪಟ್ಟಿ ಕಟ್ಟಲು ಹೋಗಿದ್ದೆ, ಲಕ್ವ ಹೊಡೆದು ಮಾತು ಬಿದ್ದುಹೋಗಿದೆ, ಒಂದು ತೋರುಬೆರಳು ಬಿಟ್ಟರೆ ಯಾವುದೂ ಅಲ್ಲಾಡುವುದಿಲ್ಲ, ಸೊಸೆ ಬಿಸಿನೀರಿಗೆ ಅಂತ ಆಚೆ ಹೋದಾಗ ಆ ಬೆರಳು ಕೊಕ್ಕೆಯ ಹಾಗೆ ಬಾಗಿ ನನ್ನ ತೋಳಿನ ಅಂಚಿಗೆ ಸಿಕ್ಕಿಕೊಂಡಿತು, ಎಳೆಯಲಿಲ್ಲ, ಸುಮ್ಮನೆ ಸಿಕ್ಕಿಕೊಂಡಿತು, ಕಣ್ಣು ಪೂರ್ತಿ ಎಚ್ಚರವಾಗಿತ್ತು, ಎಲ್ಲ ತಿಳಿದ ಕಣ್ಣು, ಈ ಊರಲ್ಲಿ ಎಲ್ಲ ತಿಳಿದೂ ಮಾತಿಲ್ಲದವರು ನಾವಿಬ್ಬರೇ ಅಂತ ಆಗ ಅನ್ನಿಸಿತ್ತು, ಸೊಸೆಯ ಹೆಜ್ಜೆ ಕೇಳಿ ನಾನೇ ಆ ಬೆರಳನ್ನು ಬಿಡಿಸಿದೆ, ಒಂದು ಮುಳ್ಳು ಬಿಡಿಸಿದ ಹಾಗೆ, ಅದು ಹಾಸಿಗೆಯ ಮೇಲೆ ಬಾಗಿದ್ದಂತೆಯೇ ಉಳಿಯಿತು. ಸಂಜೆ. ಇನ್ನೆಷ್ಟು ಹೊತ್ತಿದೆ ಸಂಜೆಗೆ, ಕಿಟಕಿಯ ಬಿಸಿಲು ಬೆಂಚಿನ ಕಾಲಿಗೆ ಬಂದಿದೆ, ಸುಮ್ಮನಿದ್ದರೆ ಜೀಪು ಬರುತ್ತದೆ, ಅಮ್ಮ ಬಾಗಿಲಲ್ಲಿ ನಿಂತಿರುತ್ತಾಳೆ, ಎಷ್ಟು ಬಡವಾಗಿದ್ದೀಯೇ ಅನ್ನುತ್ತಾಳೆ, ಬಿಸಿ ಅನ್ನ ಬಡಿಸುತ್ತಾಳೆ, ನಾನು ತಟ್ಟೆಗೆ ಕೈ ಹಾಕಿದರೆ ತೋಳಿನಲ್ಲಿ ಆ ಬೆರಳು ಸಿಕ್ಕಿಕೊಂಡೇ ಇರುತ್ತದೆ, ಯಾವ ಊರಿನಲ್ಲಿ ಯಾವ ಬೆಂಚಿನ ಮೇಲೆ ಕೂತು ಯಾರಿಗೆ ಹೇಳಿ ಹಗುರಾಗಲಿ ನಾನು — ಹೇಳಿಬಿಟ್ಟೆ ನೋಡು, ಸಮಾಧಾನ ಆಯ್ತು, ಬರ್ತೀನಿ ಕಣೇ, ಅಂತ ಅವಳು ಬಾಟಲಿಯನ್ನು ಜೇಬಿಗೆ ಹಾಕುತ್ತಿದ್ದಾಳೆ, ಕೆಟಲಿನ ಮುಚ್ಚಳ ಕುಣಿಯುತ್ತಿದೆ, ಬೇಡ ಅಕ್ಕಾ.

ಯಾರ ದನಿ. ನನ್ನದೇ, ಅವರ ಮಾತಿನಲ್ಲಿ, ಅವರದೇ ಎಳೆತದಲ್ಲಿ, ಒಂದಿಷ್ಟೂ ತಡವರಿಸದೆ, ಬೇಡ ಅಕ್ಕಾ, ಆ ಬಾಟ್ಲಿ ನನಗೆ ಕೊಡು, ಇವತ್ತಿಂದ ಅತ್ತೇನ ನಾನು ನೋಡ್ಕೋತೀನಿ, ನೀನು ಮಲಕ್ಕೋ. ಹೊರಗಿನ ಜಗಲಿಯಲ್ಲಿ ಯಾರೋ ಕೆಮ್ಮುತ್ತಿದ್ದರು, ಕೆಮ್ಮು ನಡುವೆಯೇ ನಿಂತಿತು. ಅವಳು ಕೂಗಲಿಲ್ಲ, ಬಿಳಿಚಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದಳು, ಆಮೇಲೆ ಬಾಟಲಿ ತೆಗೆದು ನನ್ನ ಅಂಗೈಯಲ್ಲಿಟ್ಟಳು, ಮೈಶಾಖಕ್ಕೆ ಬೆಚ್ಚಗಿತ್ತು, ಎಷ್ಟು ಚೆನ್ನಾಗಿ ಮಾತಾಡ್ತೀಯಲ್ಲೇ, ಅಂದಳು, ನಿಜವಾದ ಮೆಚ್ಚುಗೆಯಿಂದ, ಬಾಗಿಲು ದಾಟಿದಳು, ಜಗಲಿಯಲ್ಲಿ ಎದ್ದು ಹೋಗುವ ಕಾಲುಗಳ ಸದ್ದು, ಒಬ್ಬೊಬ್ಬರಾಗಿ, ನಾನು ಮುಚ್ಚಳ ತಿರುಗಿಸಿ ಅಷ್ಟನ್ನೂ ಬ್ಯಾಂಡೇಜಿನ ಕೊಳೆ ನೀರಿಗೆ ಸುರಿದೆ, ಇವತ್ತು ಸಂಜೆ ಅತ್ತೆ ಬರೀ ಹಾಲು ಕುಡಿಯುತ್ತಾಳೆ, ಇಷ್ಟಂತೂ ಆಯಿತು, ಇಷ್ಟನ್ನು ಯಾರೂ ಬಿಚ್ಚಲಾರರು. ಸೈಕಲ್ ಗೋಡೆಗೆ ಒರಗಿದ ಸದ್ದು, ನರ್ಸಕ್ಕ ಬಾಗಿಲಲ್ಲಿ, ಮಾತು ಬಂತಂತಲ್ಲ ಮಗಳೇ, ಅನ್ನುತ್ತಾಳೆ, ಸಿಟ್ಟಿಲ್ಲ, ಹಣೆ ಮುಟ್ಟಿ ಜ್ವರ ಇದೆ ಅನ್ನುವಾಗಿನ ದನಿ, ಬಾ, ದೊಡ್ಡ ರಸ್ತೆ ತನಕ ಹೋಗಿ ಸಾಮಾನು ತರೋದಿದೆ, ವ್ಯಾನು ಬರುತ್ತೆ, ಕೆಸರಿದೆ, ಬೂಟು ಹಾಕ್ಕೋ. ಮುಂದಿನ ಕೋಣೆಯ ಫೋನಿನ ಮೇಜಿಗೆ ಅಡ್ಡವಾಗಿ ನಿಂತಿದ್ದಾಳೆ, ನಿಂತು, ಎಲ್ಲಿಂದಲೋ ಹತ್ತಿ ತೆಗೆದು ಸುತ್ತತೊಡಗುತ್ತಾಳೆ. ಅಂಗಳದಲ್ಲಿ ಎಂಜಿನ್ನು, ರೇಡಿಯೋ ಈಗಲೇ ಜೋರಾಗಿದೆ. ಸ್ಟೂಲಿನ ಮೇಲೆ ಕೂತು ನನ್ನ ಬೂಟಿಗೆ ಕಾಲು ತೂರಿಸುತ್ತೇನೆ, ಹೀಗೇ ಕೂತಿದ್ದಿರಬೇಕು ಅವಳು, ಇದೇ ಸ್ಟೂಲಿನ ಮೇಲೆ, ರೇಡಿಯೋ ಕೇಳಿಸಿಕೊಳ್ಳುತ್ತ, ಕಾಲು ಹೊರಗೆ ಬಂದದ್ದು ಹೇಗೆ ಅಂತ ಇಷ್ಟು ದಿನ ಕೇಳಿಕೊಂಡೆ, ಅಷ್ಟು ಬಿಗಿಯಾಗಿ ಯಾಕೆ ಕಟ್ಟಿದಳು ಅಂತ ಕೇಳಲಿಲ್ಲ, ತಾನಾಗಿ ಕಳಚಿದ್ದಲ್ಲ ಅಂತ ಮುಂದೆ ಬರುವವಳಿಗೆ ತಿಳಿಯಲಿ ಅಂತಲೇ, ಲೇಸನ್ನು ಎಳೆಯುತ್ತೇನೆ, ಒಂದು ಗಂಟು, ಜಗ್ಗಿ, ಅದರ ಮೇಲೆ ಇನ್ನೊಂದು, ಗಂಟಿನ ಮೇಲೆ ಗಂಟು —